21ರ ಪಟ್ಟಿ ಬದಿಗಿಡಿ, ಒಂದು ಮಗುವಿನ ಬೆಳಗ್ಗೆಯಿಂದ ಶುರುಮಾಡಿ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿ. ನನ್ನ ವೃತ್ತದಲ್ಲಿ 24 ಕೇಂದ್ರಗಳಿವೆ. ಅಂಗವೈಕಲ್ಯ ಇರುವ ಮಕ್ಕಳನ್ನು ಎಲ್ಲರ ಜೊತೆ ಸೇರಿಸಿಕೊಳ್ಳುವ ಬಗ್ಗೆ ಟೀಚರ್‌ಗಳಿಗೆ ಎರಡು ದಿನದ ತರಬೇತಿ ಮಾಡಿಸಬೇಕೆಂದಿದ್ದೇನೆ. ಹಿಂದೊಮ್ಮೆ ಆಗಿತ್ತು. ಬಂದವರು ಅಂಗವೈಕಲ್ಯದ ವಿಧಗಳನ್ನು ಓದಿ ಹೇಳಿ ಹೋದರು, ಕೇಂದ್ರಗಳಲ್ಲಿ ಏನೂ ಬದಲಾಗಲಿಲ್ಲ. ಈಗ ಮೂರು ಮಕ್ಕಳ ಚಿಂತೆ ಜಾಸ್ತಿ ಆಗಿದೆ. ನಾಲ್ಕು ವರ್ಷದ ಒಬ್ಬ ಮಾತಾಡುವುದಿಲ್ಲ, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾನೆ. ಮೂರೂವರೆ ವರ್ಷದ ಹುಡುಗಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು), ಮೊಟ್ಟೆ ಕೊಡುವ ದಿನ ಮಾತ್ರ ಅಮ್ಮ ಎತ್ತಿಕೊಂಡು ಬರುತ್ತಾರೆ. ಐದು ವರ್ಷದ ಇನ್ನೊಬ್ಬನಿಗೆ ಶ್ರವಣ ಸಾಧನ ಇದೆ, ಹಾಕಿಕೊಳ್ಳುವುದಿಲ್ಲ. ತರಬೇತಿಯಲ್ಲಿ ಏನಿಡಬೇಕು? ಕೊನೆಗೆ ಪ್ರಮಾಣಪತ್ರ ಕೊಡಬಹುದಾ?

ಉತ್ತರ: ನಮಸ್ಕಾರ ಮೇಡಂ. ಹಿಂದಿನ ತರಬೇತಿಯ ಬಗ್ಗೆ ನೀವು ಬರೆದದ್ದು ಓದಿ ನನಗೇ ನಾಚಿಕೆ ಆಯಿತು. ಯಾಕೆಂದರೆ ನಾನೂ ಮೊದಮೊದಲು ಅದನ್ನೇ ಮಾಡಿದವಳು. ಒಂದು ಸಭಾಭವನ, ಅರುವತ್ತು ಜನ ಟೀಚರ್‌ಗಳು, ಪರದೆಯ ಮೇಲೆ ಪಟ್ಟಿ. ಮಧ್ಯಾಹ್ನದ ಊಟ ಆದ ಮೇಲೆ ಅರ್ಧ ಜನ ತೂಕಡಿಸುತ್ತಿದ್ದರು. ಮೂರು ವಾರ ಬಿಟ್ಟು ಒಂದು ಕೇಂದ್ರಕ್ಕೆ ಹೋದೆ. ಟೀಚರ್ ಸೆರೆಬ್ರಲ್ ಪಾಲ್ಸಿಯ ವಿಧಗಳನ್ನು ಒಂದೂ ಬಿಡದೆ ಹೇಳಿದರು. ಅವರ ಬೆನ್ನ ಹಿಂದೆ, ಗೋಡೆಗೆ ಮುಖ ಮಾಡಿ, ಮಡಿಲಲ್ಲಿ ಒಂದು ಸ್ಲೇಟು ಇಟ್ಟುಕೊಂಡು ಒಂದು ಮಗು ಕೂತಿತ್ತು. ಅದಕ್ಕೆ ಇದ್ದದ್ದು ಅದೇ ಸೆರೆಬ್ರಲ್ ಪಾಲ್ಸಿ. ತಪ್ಪು ಟೀಚರದ್ದಲ್ಲ. ನಾನು ಕಲಿಸಿದ್ದನ್ನು ಅವರು ಸರಿಯಾಗಿಯೇ ಕಲಿತಿದ್ದರು.

ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯಲ್ಲಿ ಅಂಗವೈಕಲ್ಯದ ವಿಧಗಳು 7 ಇದ್ದವು. 2016ರ ಕಾಯ್ದೆಯಲ್ಲಿ ಅದು 21 ಆಯಿತು. ಸೌಲಭ್ಯ ಕೊಡಿಸಲು ಆ ಪಟ್ಟಿ ಬೇಕೇ ಬೇಕು. ಆದರೆ ಬೆಳಗ್ಗೆ ಇಪ್ಪತ್ತೈದು ಮಕ್ಕಳನ್ನು ಸಂಭಾಳಿಸುವ ಟೀಚರ್‌ಗೆ ಅದರಿಂದ ಏನು ಸಿಗುತ್ತದೆ? ಅವರಿಗೆ ಬೇಕಾದ್ದು ಬೇರೆ. ಈ ಮಗು ಬಂದ ಕೂಡಲೇ ಎಲ್ಲಿ ಕೂರಬೇಕು, ಅಭಿನಯ ಗೀತೆ ಹಾಡುವಾಗ ಇವಳ ಪಾಲಿನ ಕೆಲಸ ಏನು, ಊಟದ ಹೊತ್ತಿಗೆ ಯಾರು ತಿನ್ನಿಸಬೇಕು, ಹೇಗೆ. ಹಾಗಾಗಿ ನನ್ನ ಸಲಹೆ ಇಷ್ಟೇ: ರೋಗದ ಹೆಸರಿನಿಂದ ಶುರುಮಾಡಬೇಡಿ, ದಿನಚರಿಯಿಂದ ಶುರುಮಾಡಿ. ಪ್ರತಿಯೊಬ್ಬ ಟೀಚರ್ ತಮಗೆ ಗೊತ್ತಿರುವ ಒಂದೇ ಒಂದು ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ತರಬೇತಿಗೆ ಬರಲಿ.

ಮಗು ಕೋಣೆಯೊಳಗೆ ಇದ್ದ ಮಾತ್ರಕ್ಕೆ ಸೇರಿಸಿಕೊಂಡ ಹಾಗಾಗುವುದಿಲ್ಲ. ಅಮೆರಿಕದಲ್ಲಿ ಪುಟ್ಟ ಮಕ್ಕಳ ಶಿಕ್ಷಣದ ಎರಡು ದೊಡ್ಡ ಸಂಘಗಳು 2009ರಲ್ಲಿ ಸೇರಿ ಒಂದು ಹೇಳಿಕೆ ಹೊರಡಿಸಿದವು. ಅದರಲ್ಲಿ ಮೂರು ಮಾತು ಉಂಟು. ಒಳಗೆ ಬರಲು ದಾರಿ ಇರಬೇಕು, ಬಂದ ಮೇಲೆ ಆಟ-ಪಾಠದಲ್ಲಿ ಪಾಲಿರಬೇಕು, ಇದನ್ನೆಲ್ಲ ಮಾಡುವ ದೊಡ್ಡವರಿಗೆ ಹಿಂದಿನಿಂದ ಆಸರೆ ಇರಬೇಕು. ನಮ್ಮಲ್ಲಿ ಮೊದಲನೆಯದು ಸುಮಾರಿಗೆ ಇದೆ. ಅಂಗನವಾಡಿಗೆ ಮಗುವನ್ನು ಸೇರಿಸಲು ಅಂಗವೈಕಲ್ಯದ ಪ್ರಮಾಣಪತ್ರವೇನೂ ಬೇಡ, ಬಾಗಿಲು ತೆರೆದೇ ಇದೆ. ಎರಡನೆಯದು ಟೀಚರ್ ಕೈಯಲ್ಲಿದೆ. ಮೂರನೆಯದು ನಿಮ್ಮ ಕೈಯಲ್ಲಿ.

ತರಬೇತಿಗೆ ಒಂದು ವಾರ ಮೊದಲೇ ಎಲ್ಲರಿಗೂ ಒಂದು ಹಾಳೆ ಕಳಿಸಿ. ನಾಲ್ಕೇ ಪ್ರಶ್ನೆ ಸಾಕು. ಈ ಮಗುವಿಗೆ ಏನು ಇಷ್ಟ? ದಿನದ ಯಾವ ಹೊತ್ತು ಚೆನ್ನಾಗಿರುತ್ತದೆ? ಯಾವ ಹೊತ್ತು ಕೈಮೀರುತ್ತದೆ? ಮನೆಯಲ್ಲಿ ಯಾವ ಭಾಷೆ? ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯಲು ಆಗದೆ ಒದ್ದಾಡುವ ಟೀಚರ್‌ಗಳು ಇರುತ್ತಾರೆ. ಆ ಮಗುವಿಗೆ ಏನು ಇಷ್ಟ ಎಂದು ಯಾರೂ ಅವರನ್ನು ಕೇಳಿಯೇ ಇರುವುದಿಲ್ಲ ನೋಡಿ.

ನಾಲ್ಕನೆಯ ಪ್ರಶ್ನೆ ನಮ್ಮ ಕರಾವಳಿಯಲ್ಲಿ ತುಂಬ ಮುಖ್ಯ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ. ಅಂಗನವಾಡಿಗೆ ಬಂದರೆ ಕನ್ನಡ. ಮೂರು ವರ್ಷದ ಮಗು ಒಂದೆರಡು ತಿಂಗಳು ಬಾಯಿ ಬಿಡದೆ ಕೂತರೆ ಅದು ತೊಂದರೆಯೇ ಅಲ್ಲ, ಹೊಸ ಭಾಷೆಯನ್ನು ಕೇಳಿಸಿಕೊಳ್ಳುತ್ತಿದೆ ಅಷ್ಟೆ. ಹಾಗಂತ ಸುಮ್ಮನಿರುವ ಎಲ್ಲ ಮಕ್ಕಳನ್ನೂ 'ಭಾಷೆ ಬರುವುದಿಲ್ಲ, ಸರಿಹೋಗುತ್ತದೆ' ಎಂದು ಬಿಟ್ಟುಬಿಡುವುದೂ ತಪ್ಪು. ಎರಡರ ನಡುವೆ ವ್ಯತ್ಯಾಸ ತಿಳಿಯಲು ಸುಲಭದ ದಾರಿ ಉಂಟು. ಅಮ್ಮನನ್ನೋ ಅಜ್ಜಿಯನ್ನೋ ಕೇಳಿ: ಮನೆಯಲ್ಲಿ ತುಳುವಿನಲ್ಲಿ 'ನೀರ್ ಬೋಡು' ಎನ್ನುತ್ತಾನಾ? ಬೇಡದಿದ್ದರೆ 'ಬೊಡ್ಚಿ' ಎನ್ನುತ್ತಾನಾ? ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಾನಾ? ಹೆಸರು ಕರೆದರೆ ತಿರುಗುತ್ತಾನಾ? ಮನೆ ಭಾಷೆಯಲ್ಲೂ ಇವು ಇಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಇನ್ನೊಂದು ಮಾತು. ಮಾತು ತಡವಾದ ಮಗುವಿನ ಮನೆಯವರಿಗೆ 'ತುಳು ಬಿಡಿ, ಕನ್ನಡ ಮಾತ್ರ ಮಾತಾಡಿ' ಎಂದು ಹೇಳುವ ರೂಢಿ ಇದೆ. ದಯವಿಟ್ಟು ಅದನ್ನು ನಿಲ್ಲಿಸಿ. ಎರಡು ಭಾಷೆ ಕೇಳಿದ್ದರಿಂದ ಮಾತು ತಡವಾಗುವುದಿಲ್ಲ. ತುಳು ಬಿಡಿ ಎಂದರೆ ಅಜ್ಜಿ ಮೊಮ್ಮಗನ ಜೊತೆ ಮಾತನ್ನೇ ಕಡಿಮೆ ಮಾಡುತ್ತಾರೆ.

ಈಗ ನಿಮ್ಮ ಮೂರು ಮಕ್ಕಳ ವಿಷಯ. ತರಬೇತಿಗೂ ಇವರೇ ಪಾಠ.

ಕುಕ್ಕರ್‌ಗೆ ಹೆದರುವ ಹುಡುಗನಿಗೆ ಆಟಿಸಂ (ಮಾತು, ಬೆರೆಯುವುದು ಬೇರೆ ರೀತಿ ಇರುವ ಬೆಳವಣಿಗೆಯ ಸ್ಥಿತಿ) ಇದೆಯೋ ಇಲ್ಲವೋ ನಾನು ಇಲ್ಲಿ ಕೂತು ಹೇಳಲಾರೆ, ಟೀಚರೂ ಹೇಳಬಾರದು. ಆದರೆ ವೈದ್ಯರ ಚೀಟಿ ಬರುವ ತನಕ ಕಾಯಬೇಕಾಗಿಯೂ ಇಲ್ಲ. ಕುಕ್ಕರ್ ಎಷ್ಟು ಗಂಟೆಗೆ ಕೂಗುತ್ತದೆ ಎಂಬುದು ಸಹಾಯಕಿಗೆ ಸರಿಯಾಗಿ ಗೊತ್ತು. ಕೂಗುವ ಐದು ನಿಮಿಷ ಮೊದಲು ಆ ಹುಡುಗನಿಗೆ ಅಂಗಳದಲ್ಲಿ ಒಂದು ಕೆಲಸ ಕೊಡಿ. ನೀರಿನ ಬಾಟಲಿಗಳ ಬುಟ್ಟಿಯನ್ನು ಹೊರಗಿಂದ ಒಳಗೆ ತರುವುದು ಇರಬಹುದು. ಭಾರದ ಕೆಲಸ ಇಂಥ ಎಷ್ಟೋ ಮಕ್ಕಳಿಗೆ ಸಮಾಧಾನ ಕೊಡುತ್ತದೆ. ಓಡಿಹೋಗುವ ಹುಡುಗ ಹೀಗೆ ಬಾಟಲಿ ತರುವ ಹುಡುಗ ಆಗುತ್ತಾನೆ. ಉಳಿದ ಮಕ್ಕಳ ಕಣ್ಣಿಗೂ ಅದು ಬೀಳುತ್ತದೆ.

ಇವನಂಥವರಿಗೆ ಮುಂದೇನು ಎಂಬುದು ತಿಳಿಯದಿದ್ದರೆ ಗಾಬರಿ. 'ಈಗ ಊಟ' ಎಂದು ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಅದರ ಬದಲು ಕೈಗೆ ತಟ್ಟೆ ಕೊಡಿ. ಹೊರಗೆ ಹೋಗುವ ಮೊದಲು ಚೆಂಡು ಕೊಡಿ, ಮಲಗುವ ಮೊದಲು ಅವನ ಚಾಪೆಯ ತುಂಡು ಕೊಡಿ. ಮೂರು ವಸ್ತುಗಳನ್ನು ಗೋಡೆಯ ಮೊಳೆಗೆ ಸಾಲಾಗಿ ನೇತುಹಾಕಿದರೆ ಅದೇ ಅವನ ವೇಳಾಪಟ್ಟಿ. ಸ್ವಲ್ಪ ದಿನ ಆದ ಮೇಲೆ ಚಿತ್ರಕ್ಕೆ ಬದಲಾಯಿಸಬಹುದು. ಮಾತು ತರಿಸಲು ಅಭಿನಯ ಗೀತೆಗಿಂತ ಒಳ್ಳೆಯದು ಇಲ್ಲ. ಅವನಿಗೆ ಇಷ್ಟದ ಹಾಡನ್ನು ದಿನಾ ಹಾಡಿ, ಸಾಲಿನ ಕೊನೆಯ ಪದದ ಮುಂದೆ ನಿಲ್ಲಿಸಿ. ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ತರಬೇತಿಯಲ್ಲಿ ಇದನ್ನು ಮಾಡಿಸಿ ನೋಡಿ ಮಾರಾಯ್ರೆ, ಮೂರು ಎಣಿಸುವಷ್ಟರಲ್ಲಿ ಎಲ್ಲ ಟೀಚರ್‌ಗಳೂ ತಾವೇ ಪದ ಹೇಳಿಬಿಡುತ್ತಾರೆ! ಕಾಯುವುದೂ ಅಭ್ಯಾಸದಿಂದಲೇ ಬರಬೇಕು. ಹುಡುಗ ಕಣ್ಣೆತ್ತಿ ನೋಡಿದರೆ ಅದೂ ಉತ್ತರ. 'ಬೋಡು' ಎಂದರೆ ಅದು ಪೂರ್ತಿ ಉತ್ತರ, ಅದನ್ನು 'ಬೇಕು' ಅನ್ನು ಎಂದು ತಿದ್ದಬೇಡಿ.

ಎರಡನೆಯವಳು, ಮೊಟ್ಟೆಯ ದಿನ ಬರುವ ಹುಡುಗಿ. ಇವಳ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಅಪಾಯವೂ ಇದೆ.

ತರಬೇತಿಯ ಮೊದಲ ದಿನ ಎಲ್ಲರಿಗೂ ಹೇಳಿ: ತಲೆಯನ್ನು ಹಿಂದಕ್ಕೆ ಬಾಗಿಸಿ ಸೂರು ನೋಡಿ, ಹಾಗೇ ಒಮ್ಮೆ ಉಗುಳು ನುಂಗಿ. ಆಮೇಲೆ ಗದ್ದವನ್ನು ಸ್ವಲ್ಪ ಎದೆಯ ಕಡೆಗೆ ತಂದು ನುಂಗಿ. ಕೋಣೆಯಲ್ಲಿ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರಾದರೊಬ್ಬರು ಹೇಳುತ್ತಾರೆ, 'ಅಯ್ಯೋ, ನಾವು ಆ ಮಗುವನ್ನು ಮಲಗಿಸಿಕೊಂಡೇ ಗಂಜಿ ಹಾಕುವುದಲ್ವಾ.' ಕಾಲಿನ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ಮಾಡಿ, ಗಂಜಿ ತಿಳಿ ಸುರಿಯುವುದು ನಮ್ಮ ಮನೆಗಳಲ್ಲಿ ಹಳೆಯ ರೂಢಿ. ನುಂಗಲು ಕಷ್ಟ ಇರುವ ಮಗುವಿಗೆ ಹಾಗೆ ಕೊಟ್ಟ ಗಂಜಿ ಶ್ವಾಸಕೋಶದ ದಾರಿ ಹಿಡಿಯಬಹುದು. ಪದೇ ಪದೇ ಕಫ, ಜ್ವರ ಎಂದು ಆಸ್ಪತ್ರೆಗೆ ಓಡುವುದರ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತದೆ.

ಹಾಗಾದರೆ ಹೇಗೆ? ಬೆನ್ನು ನೇರ, ಸೊಂಟ ಮಡಚಿ ಕೂತಿರಬೇಕು, ಪಾದಕ್ಕೆ ಆಧಾರ ಇರಬೇಕು. ತಿನ್ನಿಸುವವರು ಎದುರಿಗೆ, ಮಗುವಿನ ಕಣ್ಣಿಗೆ ಸಮನಾಗಿ ಕೂರಬೇಕು. ಚಮಚ ಮೇಲಿಂದ ಬಂದರೆ ಮಗು ತಲೆ ಎತ್ತುತ್ತದೆ. ಹಾಗಾಗಿ ಎದುರಿನಿಂದ, ತುಸು ಕೆಳಗಿನಿಂದ ತನ್ನಿ. ಕುಚ್ಚಲಕ್ಕಿ ಗಂಜಿಯಾದರೆ ತಿಳಿ ಬೇರೆ ಅನ್ನ ಬೇರೆ ಆಗಿ ಬಾಯಲ್ಲಿ ಎರಡು ದಾರಿ ಹಿಡಿಯುತ್ತದೆ. ಅನ್ನವನ್ನು ಚೆನ್ನಾಗಿ ಹಿಸುಕಿ, ಚಮಚ ಬಾಗಿಸಿದರೂ ಬೀಳದಷ್ಟು ಗಟ್ಟಿ ಮಾಡಿ. ಅರ್ಧ ಚಮಚ. ನುಂಗಿದ್ದು ಕಂಡ ಮೇಲೆ ಮುಂದಿನದು. ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ತಿನ್ನುವಾಗ ಕೆಮ್ಮು, ಕಣ್ಣಲ್ಲಿ ನೀರು, ಗಂಟಲಲ್ಲಿ ಗೊಳಗೊಳ ಸದ್ದು ಇದ್ದರೆ ಮುಂದುವರಿಸಬೇಡಿ. ಮೊದಲು ವೈದ್ಯರಿಗೂ ವಾಕ್ ಚಿಕಿತ್ಸಕರಿಗೂ ತೋರಿಸಿ.

ಇದನ್ನೆಲ್ಲ ಯಾರು ಮಾಡುತ್ತಾರೆ? ಟೀಚರ್ ಅಲ್ಲ, ಸಹಾಯಕಿ. ತರಬೇತಿಗೆ ನಾವು ಯಾರನ್ನು ಕರೆಯುತ್ತೇವೆ? ಟೀಚರ್‌ಗಳನ್ನು ಮಾತ್ರ. ತಿನ್ನಿಸುವುದು, ಶೌಚಕ್ಕೆ ಕರೆದುಕೊಂಡು ಹೋಗುವುದು, ಎತ್ತಿ ಕೂರಿಸುವುದು ಎಲ್ಲ ಸಹಾಯಕಿಯ ಕೈಯಲ್ಲೇ. ಅವರಿಲ್ಲದ ತರಬೇತಿ ಅರ್ಧ ತರಬೇತಿ. ಎರಡು ದಿನದಲ್ಲಿ ಒಂದು ದಿನವಾದರೂ ಅವರನ್ನು ಕರೆಸಿ. ಕೇಂದ್ರ ಮುಚ್ಚಬೇಕಾಗುತ್ತದೆ ಎಂದಾದರೆ ಎರಡು ತಂಡ ಮಾಡಿ.

ಕೂರಿಸಲು ದುಬಾರಿ ಕುರ್ಚಿ ಬರುವ ತನಕ ಕಾಯಬೇಡಿ. ಕೋಣೆಯ ಮೂಲೆ ಇದೆಯಲ್ಲ, ಎರಡು ಗೋಡೆ ಸೇರುವ ಜಾಗ, ಅಲ್ಲಿ ಹಳೆ ಸೀರೆಯ ಗಟ್ಟಿ ದಿಂಬು ಇಟ್ಟು ಕೂರಿಸಿದರೆ ಎರಡೂ ಭುಜ ಮುಂದೆ ಬರುತ್ತವೆ, ಕೈ ಆಟಕ್ಕೆ ಸಿಗುತ್ತದೆ. ಮುಂದೆ ಎದೆಯ ಎತ್ತರಕ್ಕೆ ಒಂದು ಸ್ಟೂಲ್. ಆದರೆ ಮೂಲೆಯನ್ನು ಬಾಗಿಲ ಹಿಂದೆ ಹುಡುಕಬೇಡಿ! ಮಕ್ಕಳು ಗೋಲವಾಗಿ ಕೂರುವ ಜಾಗವನ್ನೇ ಆ ಮೂಲೆಗೆ ಸರಿಸಿ. ಚಮಚದ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಪುಟ್ಟ ಮುಷ್ಟಿಗೆ ಹಿಡಿತ ಸಿಗುತ್ತದೆ.

ಆಟಕ್ಕೆ ನಮ್ಮಲ್ಲಿ ಅಡಿಕೆ ಹಾಳೆ ಇದೆಯಲ್ಲ! ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆಟ ಯಾವ ಮಗುವಿಗೆ ಇಷ್ಟ ಇಲ್ಲ? ಒಂದು ಕಡೆ ಹೀಗೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲು ಊರಲಾಗದ ಹುಡುಗಿ ಮುಂದೆ, ಅವಳ ಸೊಂಟ ಹಿಡಿದು ಹಿಂದೆ ಸಹಾಯಕಿ, ದೊಡ್ಡ ಹಾಳೆ. ನಾಲ್ಕು ಮಕ್ಕಳು ಸೇರಿ ಎಳೆದರು. ಮೂರನೆಯ ಸುತ್ತಿಗೆ ಅವಳು ಕೈಯಿಂದ ಹಾಳೆ ಬಡಿಯಲು ಶುರುಮಾಡಿದಳು. ಬಡಿದರೆ ಹೊರಡಬೇಕು, ನಿಲ್ಲಿಸಿದರೆ ನಿಲ್ಲಬೇಕು. ಈ ನಿಯಮ ಮಾಡಿದ್ದು ಟೀಚರ್ ಅಲ್ಲ, ಮಕ್ಕಳೇ. ಆ ದಿನ ಆಟದ ಯಜಮಾನಿ ಅವಳು. ಕೂರಲು ಆಸರೆ ಹಿಡಿಯುವವರು ಇಲ್ಲದೆ ಇದನ್ನು ಮಾಡಬೇಡಿ, ಅಷ್ಟೆ.

ಇನ್ನು, ಮೊಟ್ಟೆಯ ದಿನ ಮಾತ್ರ ಯಾಕೆ ಬರುತ್ತಾರೆ? ಅಮ್ಮನಿಗೆ ಅಲ್ಲಿ ಬೇರೆ ಕಾರಣ ಕಾಣುವುದಿಲ್ಲ. 'ಇಡೀ ದಿನ ಕಳಿಸಿ' ಎಂದರೆ ಹೆದರುತ್ತಾರೆ. 'ದಿನಾ ಹತ್ತು ಗಂಟೆಗೆ ಬನ್ನಿ, ಹಾಡು ಮುಗಿದ ಮೇಲೆ ಹೋಗಿ' ಎನ್ನಿ. ಮೊದಲ ವಾರ ಮಗು ಅಮ್ಮನ ಮಡಿಲಲ್ಲೇ ಇರಲಿ. ಎರಡನೆಯ ವಾರ ಅಮ್ಮ ಪಕ್ಕದಲ್ಲಿ. ಆಮೇಲೆ ಬಾಗಿಲ ಹತ್ತಿರ. ಆಮೇಲೆ ಅಂಗಳದಲ್ಲಿ. ಹಾಡಿನ ಹೊತ್ತಿಗೆ ಗಂಟೆ ಬಾರಿಸುವ ಕೆಲಸ ಅವಳದ್ದೇ ಇರಲಿ, ಅವಳು ಬಾರಿಸದೆ ಹಾಡು ಶುರುವಾಗಬಾರದು.

ಮೂರನೆಯವನ ಸಾಧನದ ವಿಷಯ. 'ಹಾಕುವುದಿಲ್ಲ, ಹಟ' ಎಂದು ಬರೆದಿದ್ದರೆ ಆ ಮಾತನ್ನು ಅಳಿಸಿಹಾಕಿ. ಸಾಧನ ಕಿವಿಯಲ್ಲಿ ಕುಯ್ಯೆಂದು ಶಿಳ್ಳೆ ಹೊಡೆಯುತ್ತದಾ ನೋಡಿ. ಹೊಡೆದರೆ ಕಿವಿಯೊಳಗೆ ಕೂರುವ ಅಚ್ಚು ಸಡಿಲ ಆಗಿರಬಹುದು. ಮಗು ಬೆಳೆಯುತ್ತದೆ, ಅಚ್ಚು ಬೆಳೆಯುವುದಿಲ್ಲ ಅಲ್ವಾ. ಪುಟ್ಟ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕು. ನಮ್ಮ ಊರಿನ ಬೆವರು, ಮಳೆಗಾಲದ ತೇವ ಬೇರೆ. ರಾತ್ರಿ ಬ್ಯಾಟರಿ ತೆಗೆದು, ಸಾಧನವನ್ನು ಸಿಲಿಕಾ ಜೆಲ್ ಚೀಟಿ ಹಾಕಿದ ಮುಚ್ಚಳದ ಡಬ್ಬದಲ್ಲಿ ಇಡಲು ಮನೆಯವರಿಗೆ ತೋರಿಸಿ. ಅಕ್ಕಿ ಡಬ್ಬದಲ್ಲಿ ಹೂತಿಡುವವರಿದ್ದಾರೆ, ಅಕ್ಕಿಯ ಧೂಳು ಒಳಗೆ ಹೋಗುತ್ತದೆ, ಬೇಡ.

ದಿನಾ ಬೆಳಗ್ಗೆ ಒಂದು ನಿಮಿಷದ ಪರೀಕ್ಷೆಯನ್ನು ಪ್ರತಿ ಟೀಚರ್‌ಗೂ ಕಲಿಸಿ. ಡೇನಿಯಲ್ ಲಿಂಗ್ ಎಂಬುವರು ರೂಪಿಸಿದ ಆರು ಸದ್ದುಗಳು: ಆ, ಈ, ಊ, ಮ್, ಶ್, ಸ್. ಬಾಯಿಗೆ ಕಾಗದ ಅಡ್ಡ ಹಿಡಿದು ಒಂದೊಂದೇ ಹೇಳಿ. ಕೇಳಿದಾಗಲೆಲ್ಲ ಮಗು ಒಂದು ಮಣಿಯನ್ನು ಡಬ್ಬಕ್ಕೆ ಹಾಕಲಿ. ನಿನ್ನೆ ಕೇಳಿಸಿದ 'ಸ್' ಇವತ್ತು ಕೇಳಿಸದಿದ್ದರೆ ಬ್ಯಾಟರಿ, ಅಚ್ಚು, ನೆಗಡಿ, ಇದರಲ್ಲಿ ಏನೋ ಒಂದು ಕೈಕೊಟ್ಟಿದೆ.

ಮಳೆಗಾಲದ್ದು ಇನ್ನೊಂದು ಕಥೆ. ಶೀಟಿನ ಮಾಡಿನ ಮೇಲೆ ಜುಲೈ ಮಳೆ ಬಿದ್ದರೆ ನಮಗೇ ಪಕ್ಕದವರ ಮಾತು ಕೇಳಿಸುವುದಿಲ್ಲ. ಸಾಧನ ಆ ಸದ್ದನ್ನೂ ದೊಡ್ಡದು ಮಾಡಿ ಕೊಡುತ್ತದೆ. ಆಗ ಮಗು ಕಿತ್ತೆಸೆದರೆ ಬಯ್ಯಬೇಡಿ. ಮಳೆ ಜೋರಿದ್ದಾಗ ಕಥೆ ಬೇಡ, ಮಣ್ಣು, ಬಣ್ಣ, ಜೋಡಿಸುವ ಆಟ ಇಡಿ. ಉಳಿದ ಹೊತ್ತಿನಲ್ಲಿ ಅವನು ಟೀಚರ್‌ನಿಂದ ಒಂದು ಮೀಟರ್ ಒಳಗೆ ಕೂರಲಿ. ಟೀಚರ್ ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ, ಬೆಳಕು ಟೀಚರ್ ಮುಖದ ಮೇಲೆ ಬೀಳಬೇಕು.

ಇಷ್ಟು ಓದಿದರೆ ನಿಮಗೆ ಎರಡು ದಿನದ ರೂಪ ಸಿಕ್ಕಿರಬೇಕು. ಮೊದಲ ದಿನ ಆ ಹಾಳೆಗಳನ್ನು ಹಿಡಿದು ಬೆಳಗ್ಗೆಯಿಂದ ಸಂಜೆಯ ತನಕ ಒಂದು ದಿನಚರಿಯನ್ನು ಎಲ್ಲರೂ ಸೇರಿ ನಡೆದು ನೋಡುವುದು. ಕೂರಿಸುವುದು, ತಿನ್ನಿಸುವುದು, ಕಾಯುವುದು, ಎಲ್ಲ ಕೈಯಲ್ಲೇ ಮಾಡಿ. ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಆಟ ಮಾತ್ರ ಬೇಡ. ನಾನು ತುಂಬ ವರ್ಷ ಮಾಡಿಸಿದ್ದೆ, ಬಿಟ್ಟುಬಿಟ್ಟೆ. ಐದು ನಿಮಿಷ ತಡಕಾಡಿದವರಿಗೆ 'ಪಾಪ' ಎನಿಸುತ್ತದೆ, ಕಲಿಸುವುದು ಹೇಗೆ ಎಂಬುದು ತಿಳಿಯುವುದಿಲ್ಲ. ಎರಡನೆಯ ದಿನ ಬೆಳಗ್ಗೆ ಸಣ್ಣ ಗುಂಪುಗಳಾಗಿ ನಿಜವಾದ ಕೇಂದ್ರಗಳಿಗೆ ಹೋಗಿ, ಮಕ್ಕಳ ಜೊತೆ ಮಾಡಿ ನೋಡಿ, ಮಧ್ಯಾಹ್ನ ಮಾತಾಡಿ.

ಒಂದು ಗಂಟೆಯನ್ನು ಫಿಟ್ಸ್‌ಗೆ ಇಡಿ. ಇದೊಂದೇ ವಿಷಯದಲ್ಲಿ ನಾನು ಎಲ್ಲರ ಬಾಯಿಂದಲೂ ಹೇಳಿಸುತ್ತೇನೆ. ಮಗುವನ್ನು ಪಕ್ಕಕ್ಕೆ ಹೊರಳಿಸಬೇಕು, ತಲೆಯ ಕೆಳಗೆ ಮೆತ್ತಗಿನದ್ದು ಇಡಬೇಕು, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಬೇಕು. ಕೈಗೆ ಕಬ್ಬಿಣ, ಬೀಗದ ಕೈ ಬೇಡ. ಮೂಗಿಗೆ ಈರುಳ್ಳಿ, ಚಪ್ಪಲಿ ಬೇಡ. ಬಾಯೊಳಗೆ ಚಮಚ, ಬೆರಳು, ನೀರು ಯಾವುದೂ ಬೇಡ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಲಾಗ ಹಾಕಿಸಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡಿ, ಅವರ ಕತ್ತಿನ ಮೂಳೆಯ ಕೀಲು ಸಡಿಲ ಇರಬಹುದು.

ಮನೆಯವರಿಗೆ ಹೇಳುವುದನ್ನು ಟೀಚರ್‌ಗಳು ಜೋಡಿಯಾಗಿ ಅಭಿನಯಿಸಿ ಅಭ್ಯಾಸ ಮಾಡಲಿ. 'ನಿಮ್ಮ ಮಗುವಿಗೆ ಆಟಿಸಂ ಇರಬಹುದು' ಎನ್ನುವುದು ಟೀಚರ್ ಕೆಲಸ ಅಲ್ಲ. 'ಎರಡು ವಾರದಿಂದ ನೋಡುತ್ತಿದ್ದೇನೆ ಅಮ್ಮ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಮನೆಯಲ್ಲಿ ಹೇಗೆ?' ಎಂದು ಕಂಡದ್ದನ್ನು ಹೇಳಿ ಕೇಳುವುದು ಕೆಲಸ. ಅಜ್ಜಿ ಹೇಳುತ್ತಾರೆ, 'ಇವನ ಅಪ್ಪನಿಗೂ ಮಾತು ತಡ.' ಇನ್ನು ಕೆಲವರು ನಾಗನಿಗೋ ದೈವಕ್ಕೋ ಹರಕೆ ಹೇಳಿ ಕಾಯುತ್ತಿರುತ್ತಾರೆ. ಅದನ್ನು ನಕ್ಕು ತಳ್ಳಿದ ಟೀಚರ್‌ಗೆ ಆ ಮನೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. 'ಹರಕೆ ಇರಲಿ, ಕಿವಿಯನ್ನೂ ಒಮ್ಮೆ ತೋರಿಸುವ' ಎಂದರೆ ಇಬ್ಬರಿಗೂ ಸರಿಹೋಗುತ್ತದೆ.

ತೋರಿಸುವುದು ಎಲ್ಲಿ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ವೈದ್ಯರ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬರಬೇಕು. ತಂಡ ಬರುವ ದಿನಕ್ಕೆ ಟೀಚರ್ ಈ ಮಕ್ಕಳ ಬಗ್ಗೆ ಕಂಡದ್ದನ್ನು ಬರೆದಿಟ್ಟಿರಲಿ. ಇಲ್ಲದಿದ್ದರೆ ತೂಕ, ಎತ್ತರ, ಹಲ್ಲು ನೋಡಿ ಹೋಗುತ್ತಾರೆ. ಮುಂದಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳು, ಅಂದರೆ ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಶುರುಮಾಡುವ ಕಡೆ. ಉಡುಪಿಯವರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ, ಮಂಗಳೂರಿನವರು ವೆನ್‌ಲಾಕ್ ಆಸ್ಪತ್ರೆಯಲ್ಲಿ ವಿಚಾರಿಸಿ. ಕಿವಿ, ಮಾತಿನ ಪರೀಕ್ಷೆಗೆ ಮಣಿಪಾಲದಲ್ಲೂ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲೂ ವಿಭಾಗಗಳಿವೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ನಾವೆಲ್ಲ ವಿಆರ್‌ಡಬ್ಲ್ಯು ಎನ್ನುವವರನ್ನು, ತರಬೇತಿಗೇ ಕರೆಯಿರಿ. ಗುರುತಿನ ಚೀಟಿ, ಮಾಸಾಶನದ ಕಾಗದಗಳ ದಾರಿ ಅವರಿಗೆ ಗೊತ್ತು.

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಕೊಕ್ಕಡದಂಥ ಊರುಗಳಲ್ಲಿ ಅಂಗವೈಕಲ್ಯ ಇರುವವರಿಗೆ ಪಾಲನಾ ಕೇಂದ್ರಗಳು ಬಂದವು, ಅವು ಬೇಕಾಗಿದ್ದವು. ಆದರೆ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಜನರ ತಲೆಯಲ್ಲಿ ಒಂದು ಚಿತ್ರ ಕೂತುಬಿಟ್ಟಿದೆ: ಇಂಥ ಮಗುವಿಗೆ ಬೇರೆಯೇ ಜಾಗ, ಬೇರೆಯೇ ವಾಹನ. ಮೂರು ವರ್ಷದ ಮಗುವಿಗೆ ಪಕ್ಕದ ಮನೆಯ ಮಕ್ಕಳು ಹೋಗುವ ಅಂಗನವಾಡಿಯೇ ಮೊದಲ ಜಾಗ. ಚಿಕಿತ್ಸೆ ಅದರ ಜೊತೆಗೆ ನಡೆಯಲಿ. ಬೇರೆ ಪೋಷಕರು 'ನಮ್ಮ ಮಗು ಅದನ್ನೇ ನೋಡಿ ಕಲಿಯುತ್ತದೆ' ಎಂದು ಬಂದರೆ ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಕೂರಿಸಿ ಮಾತಾಡಿ. ಮಕ್ಕಳು ಕೇಳುವುದಕ್ಕೆ ನೇರ ಉತ್ತರ ಕೊಟ್ಟರೆ ಸಾಕು. 'ಅವಳ್ಯಾಕೆ ನಡೆಯುವುದಿಲ್ಲ?' 'ಅವಳ ಕಾಲು ಬಿಗಿ, ಹುಟ್ಟುವಾಗಲೇ ಹಾಗೆ. ಅದು ಅಂಟುವುದಿಲ್ಲ. ಅವಳಿಗೂ ಚೆಂಡು ಇಷ್ಟ.' ಇಷ್ಟರಲ್ಲೇ ಆ ಮಗುವಿನ ಪ್ರಶ್ನೆ ಮುಗಿಯುತ್ತದೆ, ಚೆಂಡು ತರಲು ಓಡುತ್ತದೆ.

ಈ ತರಬೇತಿ ಯಾವ ಆದೇಶದ ಮೇಲೆ ಎಂದು ಕಚೇರಿಯಲ್ಲಿ ಕೇಳಿದರೆ ತೋರಿಸಲು ಕಾಗದ ಇದೆ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2023ರ ನವೆಂಬರಿನಲ್ಲಿ ಅಂಗನವಾಡಿಗಳಿಗೆಂದೇ ದಿವ್ಯಾಂಗ (ಅಂಗವೈಕಲ್ಯ ಇರುವ) ಮಕ್ಕಳ ಬಗ್ಗೆ ಕಾರ್ಯವಿಧಾನ (ಪ್ರೊಟೋಕಾಲ್) ಹೊರಡಿಸಿದೆ: ಗುರುತಿಸುವುದು, ಸೇರಿಸಿಕೊಂಡು ಮನೆಯವರಿಗೆ ಬಲ ಕೊಡುವುದು, ಮುಂದಕ್ಕೆ ಕಳಿಸುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪಿಯುಸಿ ಆದ ಕಾರ್ಯಕರ್ತೆಯರಿಗೆ 6 ತಿಂಗಳ, ಉಳಿದವರಿಗೆ 1 ವರ್ಷದ, ಪುಟ್ಟ ಮಕ್ಕಳ ಶಿಕ್ಷಣದ ಕೋರ್ಸಿನ ಮಾತು ಇದೆ. ನಿಮ್ಮ ಎರಡು ದಿನ ಅದಕ್ಕೆ ಬದಲಿ ಅಲ್ಲ. ಹಾಗೆಂದು ಅದು ಬರುವ ತನಕ ಈ ಮೂವರು ಮಕ್ಕಳು ಬೆಳೆಯದೆ ಕಾಯುವುದೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಕೆಲಸ ಎರಡು ದಿನ ಆದ ಮೇಲಿನದ್ದು. ಅಮೆರಿಕದ ಬ್ರೂಸ್ ಜಾಯ್ಸ್, ಬೆವರ್ಲಿ ಶವರ್ಸ್ ಎಂಬ ಇಬ್ಬರು 1980ರ ದಶಕದಿಂದಲೇ ಹೇಳಿಕೊಂಡು ಬಂದದ್ದು ಇದನ್ನೇ. ಭಾಷಣ ಕೇಳಿ, ಮಾಡಿದ್ದನ್ನು ನೋಡಿ ಬಂದ ಶಿಕ್ಷಕರು ತರಗತಿಯಲ್ಲಿ ಅದನ್ನು ಬಳಸುವುದು ಬಹಳ ಕಡಿಮೆ. ಯಾರಾದರೂ ಪಕ್ಕದಲ್ಲಿ ನಿಂತು ಮಾಡಿಸಿದರೆ ಬಳಸುತ್ತಾರೆ. ಆ ಯಾರಾದರೂ ನೀವೇ ಮೇಡಂ. ಎರಡನೆಯ, ನಾಲ್ಕನೆಯ, ಎಂಟನೆಯ ವಾರ ಆ ಕೇಂದ್ರಗಳಿಗೆ ಹೋದಾಗ ದಾಖಲೆ ಪುಸ್ತಕ ತೆರೆಯುವ ಮೊದಲು ಅರ್ಧ ಗಂಟೆ ನೆಲದ ಮೇಲೆ ಕೂರಿ. 24 ಕೇಂದ್ರಕ್ಕೂ ಆಗುವುದಿಲ್ಲ, ಗೊತ್ತು. ಈ ಮೂರರಿಂದ ಶುರುಮಾಡಿ. ಒಂದು ಭೇಟಿಗೆ ಒಂದೇ ವಿಷಯ ಹೇಳಿ. ಚಮಚ ಕೆಳಗಿನಿಂದ ಬಂತು, ಚೆನ್ನಾಯಿತು, ಇನ್ನು ಪಾದದ ಕೆಳಗೆ ಮಣೆ ಇಡುವ, ಅಷ್ಟೇ. ಮನೆಯವರ ಒಪ್ಪಿಗೆ ಇದ್ದರೆ ಫೋನಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿ ಟೀಚರ್‌ಗೇ ತೋರಿಸಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮಗುವಿನ ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಆ ದಿನ ಅವನಾಗಿ ಏನಾದರೂ ಕೇಳಿದರೆ ಆ ತಾರೀಕಿನ ಮೇಲೆ ಒಂದು ಚುಕ್ಕೆ. ತಿಂಗಳ ಕೊನೆಗೆ ಚುಕ್ಕೆ ಎಣಿಸಿ.

ಪ್ರಮಾಣಪತ್ರ ಕೊಡಿ, ಆದರೆ ಎರಡನೆಯ ದಿನ ಸಂಜೆ ಬೇಡ. ಎಂಟನೆಯ ವಾರದ ಭೇಟಿಯಲ್ಲಿ, ಅವರದೇ ಕೇಂದ್ರದಲ್ಲಿ ಕೊಡಿ. 'ತರಬೇತಿಗೆ ಹಾಜರಾಗಿದ್ದಾರೆ' ಎನ್ನುವ ಬದಲು ದಿನದ ಯಾವ ಹೊತ್ತನ್ನು ಅವರು ಬದಲಾಯಿಸಿದರು ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ, ಮಗುವಿನ ಹೆಸರು ಬೇಡ. ಸಹಾಯಕಿಗೂ ಒಂದು ಬೇರೆಯೇ ಕೊಡಿ. ಹೆಸರನ್ನು ಅವರನ್ನೇ ಕೇಳಿ ಬರೆಯಿರಿ, ಹಾಜರಿ ಪುಸ್ತಕದಲ್ಲಿ ಎಷ್ಟೋ ಸಲ ತಪ್ಪಾಗಿರುತ್ತದೆ.